ಹಗ್ಗದ ತುದಿಯ ರೊಟ್ಟಿ

ಜುಲೈ 11, ಸಂತ ಬೆನೆಡಿಕ್ಟರ ಹಬ್ಬ. ಆ ದಿನ ಚರ್ಚಿನ ಬಲಿಪೂಜೆಗೆ ಹೋದಾಗಲೆಲ್ಲ ಇಟಲಿಯ ಸುಬಿಯಾಕೋದಲ್ಲಿ ಅವರಿದ್ದ ಗುಹೆ ಕಣ್ಣಿಗೆ ಕಟ್ಟುತ್ತದೆ. ರೋಮ್‌ನಿಂದ ಪೂರ್ವಕ್ಕೆ, ಬೆಟ್ಟಗಳ ನಡುವೆ ಬಂಡೆಗೆ ಅಂಟಿಕೊಂಡ ಹಾಗೆ ಕಟ್ಟಿದ ಮಠ ಅದು. ಒಳಗಿನ ಗುಹೆಯಲ್ಲಿ ಅಮೃತಶಿಲೆಯ ಹುಡುಗನೊಬ್ಬ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾನೆ. ಪಕ್ಕದಲ್ಲಿ ಒಂದು ಬುಟ್ಟಿ. ನನ್ನ ಕಣ್ಣು ಆ ಬುಟ್ಟಿಯ ಮೇಲೇ ನಿಂತುಬಿಟ್ಟಿತು.

476ರಲ್ಲಿ ಪಶ್ಚಿಮ ರೋಮ್‌ನ ಚಕ್ರವರ್ತಿಯನ್ನು ಪಟ್ಟದಿಂದ ಇಳಿಸಿದರು. ಅದಾಗಿ ಕೆಲವೇ ವರ್ಷಕ್ಕೆ, ಸುಮಾರು 480ರಲ್ಲಿ, ಬೆನೆಡಿಕ್ಟ್ ಹುಟ್ಟಿದ್ದು. ಊರು ನೂರ್ಸಿಯಾ. ಓದಲು ರೋಮ್‌ಗೆ ಹೋದ ಹುಡುಗ ಅಲ್ಲಿನ ಬದುಕು ಕಂಡು ಬೇಸತ್ತು, ಕೊನೆಗೆ ಈ ಗುಹೆ ಸೇರಿದ. ಮೂರು ವರ್ಷ ಒಬ್ಬನೇ. ಹಾಗಾದರೆ ಊಟ?

ಆಗ ಗುಹೆಯ ಮೇಲ್ಗಡೆ ಇದ್ದ ಒಂದು ಮಠದಲ್ಲಿ ರೊಮಾನುಸ್ ಎಂಬ ಸನ್ಯಾಸಿ ಇದ್ದರು. ಬಂಡೆ ಎಷ್ಟು ಕಡಿದಾಗಿತ್ತೆಂದರೆ ಅಲ್ಲಿಂದ ಗುಹೆಗೆ ಇಳಿಯಲು ದಾರಿಯೇ ಇರಲಿಲ್ಲ. ಅವರು ತಮ್ಮ ಪಾಲಿನ ರೊಟ್ಟಿಯಲ್ಲೇ ಒಂದಿಷ್ಟು ಉಳಿಸಿ, ಮಠದ ಹಿರಿಯರ ಕಣ್ಣು ತಪ್ಪಿಸಿ ಬಂದು, ಉದ್ದನೆಯ ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದರು. ಹಗ್ಗಕ್ಕೊಂದು ಪುಟ್ಟ ಗಂಟೆ. ಅದು ಕಿಣಿಕಿಣಿ ಅಂದರೆ ಹುಡುಗ ಹೊರಗೆ ಬರುತ್ತಿದ್ದ. ಒಬ್ಬರ ಪ್ರೀತಿ, ಇನ್ನೊಬ್ಬನ ಊಟ, ಎರಡನ್ನೂ ಕಂಡು ಸಹಿಸಲಾರದೆ ಸೈತಾನ ಒಂದು ದಿನ ಕಲ್ಲೆಸೆದು ಗಂಟೆ ಒಡೆದುಹಾಕಿದ ಎಂದು ಪೋಪ್ ಮಹಾ ಗ್ರೆಗರಿ ಬರೆದಿದ್ದಾರೆ. ಗಂಟೆ ಹೋಯಿತು. ರೊಟ್ಟಿ ಬರುವುದು ನಿಲ್ಲಲಿಲ್ಲ.

ನನಗೆ ಈ ರೊಮಾನುಸ್ ಮೇಲೆ ಭಕ್ತಿ ಜಾಸ್ತಿ. ಮುಂದೆ ಬೆನೆಡಿಕ್ಟರು ಸುಮಾರು 529ರಲ್ಲಿ ಮೊಂತೆ ಕಸ್ಸಿನೋ ಮಠ ಕಟ್ಟಿದರು, ಮಠದ ಬದುಕು ಹೇಗಿರಬೇಕೆಂದು 73 ಅಧ್ಯಾಯಗಳ ನಿಯಮ ಬರೆದರು, ಆ ನಿಯಮ ಯೂರೋಪಿನ ಉದ್ದಗಲಕ್ಕೂ ಹಬ್ಬಿತು. ಅದೆಲ್ಲಕ್ಕೂ ಮುಂಚೆ ಯಾರೋ ಒಬ್ಬರು ಅರ್ಧ ಹೊಟ್ಟೆಯಲ್ಲಿ ಎದ್ದು ಬಂದು ಹಗ್ಗ ಹಿಡಿದು ನಿಂತಿದ್ದರು, ಅಲ್ವಾ?

ಆ ನಿಯಮ ಓದುವಾಗ ನನಗೆ ಅದೇ ರೊಟ್ಟಿಯ ವಾಸನೆ ಬರುತ್ತದೆ. ಉಗ್ರಾಣ ನೋಡಿಕೊಳ್ಳುವವನು ಮಠದ ಪಾತ್ರೆಪಗಡೆಗಳನ್ನೆಲ್ಲ ಬಲಿಪೀಠದ ಪಾತ್ರೆಗಳಂತೆ ಕಾಣಬೇಕು ಎನ್ನುತ್ತದೆ 31ನೇ ಅಧ್ಯಾಯ. 66ನೆಯದು ಇನ್ನೂ ಚೆನ್ನ. ಬಾಗಿಲಲ್ಲಿ ವಿವೇಕವುಳ್ಳ ಒಬ್ಬ ಮುದುಕನನ್ನು ಇರಿಸಬೇಕು. ಯಾರಾದರೂ ಕದ ತಟ್ಟಿದರೆ, ಬಡವನೊಬ್ಬ ಕೂಗಿದರೆ, ಅವನು ಕೂಡಲೇ ‘ದೇವರಿಗೆ ಸ್ತೋತ್ರ’ ಅನ್ನಬೇಕು. ನೀನು ಯಾರು, ಯಾಕೆ ಬಂದೆ ಅನ್ನುವುದೆಲ್ಲ ಆಮೇಲೆ. ಇಟಲಿ ಯುದ್ಧದಲ್ಲಿ, ಹಸಿವಿನಲ್ಲಿ ನಲುಗಿದ ಕಾಲದ ಮಾತು ಇದು. ಕದ ತಟ್ಟುವ ಸದ್ದಿಗೇ ಜನ ಹೆದರುತ್ತಿದ್ದಿರಬೇಕು.

ಈ ಸಲ ಹಬ್ಬಕ್ಕೆ ನಾನು ಹೊತ್ತ ಹರಕೆ ಚಿಕ್ಕದು. ನಮ್ಮ ಮೇಲಿನ ಮನೆಯಲ್ಲಿ ಅಜ್ಜಿಯೊಬ್ಬರೇ ಇದ್ದಾರೆ. ದಿನಾ ರಾತ್ರಿ ಅವರಿಗೊಂದು ಡಬ್ಬಿ. ಉಳಿದ ಅಡುಗೆಯಲ್ಲ, ನನ್ನ ತಟ್ಟೆಯ ಪಾಲು. ಅವರಿಗೆ ಕಿವಿ ಮಂದ. ಬೆಲ್ ಒತ್ತಿದರೆ ಕೇಳಿಸುವುದಿಲ್ಲ. ಬಾಗಿಲ ಚಿಲಕಕ್ಕೆ ಚೀಲ ನೇತುಹಾಕಿ ಇಳಿದು ಬರುತ್ತೇನೆ. ಬೆಳಿಗ್ಗೆ ನೋಡಿದರೆ ತೊಳೆದ ಡಬ್ಬಿ ಅದೇ ಚಿಲಕದಲ್ಲಿ ತೂಗುತ್ತಿರುತ್ತದೆ.