ಟ್ರಾಮ್ 36, 38 ಹೋದ ದಾರಿಯಲ್ಲಿ ಬಸ್ 177

ಲಂಡನ್ನಿನ ಹೋಬರ್ನ್ ನಿಲ್ದಾಣದಿಂದ ಹೊರಬಂದು ಸೌತಾಂಪ್ಟನ್ ರೋ ಹಿಡಿದು ಉತ್ತರಕ್ಕೆ ನಡೆದರೆ, ಥಿಯೋಬಾಲ್ಡ್ಸ್ ರಸ್ತೆ ಕೂಡುವಲ್ಲಿ ಒಂದು ಇಳಿಜಾರು ನೆಲದೊಳಕ್ಕೆ ಹೋಗುತ್ತದೆ. ಗೇಟಿಗೆ ಬೀಗ ಹಾಕಿರುತ್ತಾರೆ. ಕಂಬಿಗಳ ಸಂದಿಯಿಂದಲೇ ನೋಡಬೇಕು. ಕಲ್ಲುಹಾಸಿನಲ್ಲಿ ಟ್ರಾಮ್ ಹಳಿಗಳು ಹಾಗೇ ಇವೆ. ಎರಡು ಹಳಿಗಳ ನಡುವೆ ಉದ್ದಕ್ಕೂ ಒಂದು ಸೀಳು. ನಗರದ ಒಳಭಾಗದಲ್ಲಿ ಟ್ರಾಮ್‌ಗೆ ಮೇಲೆ ತಂತಿ ಇರಲಿಲ್ಲ. ಈ ಸೀಳಿನೊಳಗೆ ಇಳಿಬಿಟ್ಟ ‘ಪ್ಲೌ’ ಎಂಬ ಸಾಧನ ನೆಲದಡಿಯಿಂದ ವಿದ್ಯುತ್ ತರುತ್ತಿತ್ತು. ಅಂಥ ಹಳಿಯ ದುರಸ್ತಿಗೆ ವಿಪರೀತ ಖರ್ಚು. ಬಸ್ಸಿಗೆ ಅದ್ಯಾವುದೂ ಬೇಡ. ಟ್ರಾಮ್‌ನ ಜಾಗಕ್ಕೆ ಬಸ್ ಬಂತು. 1906ರಲ್ಲಿ ತೆರೆದ ಈ ಸುರಂಗದಲ್ಲಿ ಟ್ರಾಮ್ ಓಡಿದ್ದು 1952ರ ಏಪ್ರಿಲ್‌ವರೆಗೆ. ಊರಿನ ಕೊನೆಯ ಟ್ರಾಮ್ ಅದೇ ಜುಲೈ 6ರ ನಸುಕಿನಲ್ಲಿ ನ್ಯೂ ಕ್ರಾಸ್ ಡಿಪೋ ಸೇರಿತು.

ಇಲ್ಲಿಂದ ಕೋವೆಂಟ್ ಗಾರ್ಡನ್‌ನ ಸಾರಿಗೆ ವಸ್ತುಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು. ಅಲ್ಲಿ ಎಲ್ಲಕ್ಕಿಂತ ಮೊದಲು ಹಳೆಯ ಗಾಡಿಗಳಲ್ಲಿ ಹೋಗುವ ಊರನ್ನು ತೋರುವ ಬೋರ್ಡ್ ನೋಡಿ. ಕಪ್ಪು ಬಟ್ಟೆ, ಬಿಳಿ ಅಕ್ಷರ, ಹಿಂದೆ ದೀಪ. ಅಕ್ಷರದ ಮೈಕಟ್ಟು ಅಕ್ಷರ ವಿನ್ಯಾಸಕ ಎಡ್ವರ್ಡ್ ಜಾನ್‌ಸ್ಟನ್ 1916ರಲ್ಲಿ ಕೊಟ್ಟದ್ದು. ಓಡುವ ಗಾಡಿಯ ಮೇಲೂ ದೂರದಿಂದ ಓದಲು ಬರುತ್ತದೆ. ಬಟ್ಟೆ ಮೇಲೊಂದು, ಕೆಳಗೊಂದು ಉರುಳೆಗೆ ಸುತ್ತಿಕೊಂಡಿರುತ್ತದೆ. ಹಿಡಿಕೆ ತಿರುಗಿಸಿದರೆ ಮುಂದಿನ ಹೆಸರು ಬರುತ್ತದೆ. ಒಂದು ಅಂಚು ಬಿಗಿಯಾಗಿ, ಇನ್ನೊಂದು ಸಡಿಲವಾಗಿ ಸುತ್ತಿಕೊಂಡರೆ ಬಟ್ಟೆ ಓರೆಯಾಗಿ, ಕಿಂಡಿಯಲ್ಲಿ ಎರಡು ಊರಿನ ಅರ್ಧರ್ಧ ಹೆಸರು ನಿಲ್ಲುತ್ತದೆ. ಹಾಗೇ ಎಳೆದರೆ ಅಂಚು ಹರಿಯುತ್ತದೆ. ಪೂರ್ತಿ ಬಿಚ್ಚಿ, ಉರುಳೆಗೆ ನೇರವಾಗಿ ಕೂರಿಸಿ ಮತ್ತೆ ಸುತ್ತುವುದೇ ಸರಿ.

ಟ್ರಾಮ್‌ಗಳಿಗೂ ಬಸ್ಸುಗಳಿಗೂ ಬೇರೆ ಬೇರೆ ಸಂಖ್ಯೆಯ ಸಾಲುಗಳಿದ್ದವು. ಹಾಗಾಗಿ ಟ್ರಾಮ್ 36 ಇದ್ದಾಗಲೇ ಬೇರೆ ದಾರಿಯಲ್ಲಿ ಬಸ್ 36 ಕೂಡ ಓಡುತ್ತಿತ್ತು. ಟ್ರಾಮ್ 36 ಮತ್ತು 38 ಆಗ್ನೇಯದ ಅಬ್ಬೀ ವುಡ್‌ನಿಂದ ಬಂದು, ಥೇಮ್ಸ್ ದಂಡೆಯ ಎಂಬ್ಯಾಂಕ್‌ಮೆಂಟ್‌ನಲ್ಲಿ ಒಂದೇ ಸುತ್ತನ್ನು ಎದುರುಬದುರಾಗಿ ಹಾಕುತ್ತಿದ್ದವು: ಒಂದು ಬ್ಲ್ಯಾಕ್‌ಫ್ರಯರ್ಸ್ ಸೇತುವೆಯಿಂದ ಒಳಗೆ, ಇನ್ನೊಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ. ಸಂಖ್ಯೆ ನೋಡಿದರೆ ದಿಕ್ಕು ತಿಳಿಯುತ್ತಿತ್ತು. ಎರಡರ ಜಾಗಕ್ಕೂ ಬಂದದ್ದು ಬಸ್ 177. ಆ ಅನುಕೂಲ ಹೋಯಿತು. ಯಾವ ಸೇತುವೆಯ ಮೇಲೆ ಎಂಬುದನ್ನು ಇನ್ನು ಬಟ್ಟೆಯ ಮೇಲಿನ ಅಕ್ಷರವೇ ಹೇಳಬೇಕಾಯಿತು. ಟ್ರಾಮ್ ವ್ಯವಸ್ಥೆಯ ಈ ಜಾಣ್ಮೆಗೆ ಸಲ್ಲಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

177 ಈಗಲೂ ಇದೆ, ಪೆಕ್ಯಾಮ್‌ನಿಂದ ಥೇಮ್ಸ್‌ಮೀಡ್‌ವರೆಗೆ. ಲಂಡನ್ ಬ್ರಿಜ್‌ನಿಂದ ರೈಲಿನಲ್ಲಿ ನ್ಯೂ ಕ್ರಾಸ್‌ಗೆ ಹೋಗಿ ಹತ್ತಬಹುದು. 2014ರಿಂದ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇರಲಿ. ಹತ್ತುವ ಮುನ್ನ ಹಳೆಯ ಟ್ರಾಮ್ ಡಿಪೋ ನೋಡಿಕೊಳ್ಳಿ. ಅದೇ ಈಗ ಬಸ್ ಡಿಪೋ. ಗ್ರೀನಿಚ್ ದಾಟಿ ವುಲ್ವಿಚ್‌ವರೆಗೆ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತರೆ ಕೊನೆಯ ಟ್ರಾಮ್ ಬಂದ ದಾರಿಯನ್ನು ಎದುರು ದಿಕ್ಕಿನಿಂದ ನೋಡಿದಂತಾಗುತ್ತದೆ.