ಬಾಗಿಲು ತಟ್ಟುವವರ ಲೆಕ್ಕ

"ಎಷ್ಟು ಕೊಡುತ್ತಾರಂತೆ ನಿನಗೆ?" ಇಂಗ್ಲೆಂಡಿನ ಚುನಾವಣೆಯಲ್ಲಿ ಒಂದು ಪಕ್ಷದ ಪರವಾಗಿ ಮನೆ ಮನೆ ಸುತ್ತುತ್ತಿದ್ದೇನೆ ಎಂದಾಗ ಹಾಸನದ ಚಿಕ್ಕಪ್ಪ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಒಂದು ಪೈಸೆಯೂ ಇಲ್ಲ ಎಂದೆ. ಅವರು ನಂಬಲಿಲ್ಲ. ನಂಬದಿರುವುದು ಅವರ ತಪ್ಪೂ ಅಲ್ಲ. ಆದರೆ ಇಲ್ಲಿ ಹಾಗೆ ಹಣ ಪಡೆಯುವುದೇ ಅಪರಾಧ. ಬ್ರಿಟನ್ನಿನ 1983ರ ಜನಪ್ರಾತಿನಿಧ್ಯ ಕಾಯ್ದೆಯಲ್ಲಿ ಅದಕ್ಕೆಂದೇ ಒಂದು ಸೆಕ್ಷನ್ ಇದೆ: ಅಭ್ಯರ್ಥಿಯ ಪರವಾಗಿ ಮತ ಕೇಳಲು ಕೂಲಿ ಕೊಟ್ಟವರೂ ತಪ್ಪಿತಸ್ಥರು, ಪಡೆದವರೂ ತಪ್ಪಿತಸ್ಥರು. ಕರಪತ್ರ ಹಂಚುವ ಕಾಲಿಗೆ ದುಡ್ಡು ಕೊಡಬಹುದು. ಬಾಗಿಲಲ್ಲಿ ನಿಂತು ಮತ ಕೇಳುವ ಬಾಯಿಗೆ ಕೊಡುವಂತಿಲ್ಲ. ಹಾಗಾಗಿ ಸಂಜೆ ಆರಕ್ಕೆ ಬೀದಿಯ ತುದಿಯಲ್ಲಿ ಸೇರುತ್ತಿದ್ದ ನಮ್ಮ ತಂಡದಲ್ಲಿ ಇದ್ದವರು ನಿವೃತ್ತರು, ಪರೀಕ್ಷೆ ಮುಗಿಸಿದ ಒಬ್ಬ ವಿದ್ಯಾರ್ಥಿ, ಪಾಳಿ ಮುಗಿಸಿ ನೇರವಾಗಿ ಬರುತ್ತಿದ್ದ ನರ್ಸ್ ಮತ್ತು ನಾನು.

2024ರ ಮೇ 22ರಂದು ಆಗಿನ ಪ್ರಧಾನಿ ರಿಷಿ ಸುನಕ್ ತಮ್ಮ ಮನೆಯ ಮುಂದೆ ಸುರಿಯುವ ಮಳೆಯಲ್ಲಿ ಕೊಡೆಯಿಲ್ಲದೆ ನಿಂತು, ಜುಲೈ 4ಕ್ಕೆ ಚುನಾವಣೆ ಎಂದು ಘೋಷಿಸಿದರು. ಆರು ವಾರ, ಅಷ್ಟೇ. ನಾನಿರುವುದು ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಪಟ್ಟಣದ ಹೊರವಲಯದಲ್ಲಿ. ಆ ಸಲ ಕ್ಷೇತ್ರಗಳ ಗಡಿಗಳನ್ನೂ ಹೊಸದಾಗಿ ಎಳೆದಿದ್ದರಿಂದ ತಾವು ಯಾವ ಕ್ಷೇತ್ರಕ್ಕೆ ಸೇರಿದವರು ಎಂಬುದೇ ಎಷ್ಟೋ ಮನೆಯವರಿಗೆ ಗೊತ್ತಿರಲಿಲ್ಲ. ನಾನು ಓಡಾಡಿದ್ದು ಯಾವ ಪಕ್ಷಕ್ಕೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದದ್ದನ್ನೆಲ್ಲ ನೀವು ಆ ಕನ್ನಡಕದಲ್ಲೇ ಓದುತ್ತೀರಿ.

ಧ್ವನಿವರ್ಧಕ ಕಟ್ಟಿದ ಜೀಪು, ಹಾರ, ಪಟಾಕಿ, ಹಿಂದೆ ಮುಂದೆ ಐವತ್ತು ಜನ. ಪ್ರಚಾರವೆಂದರೆ ಇದೇ ಎಂದುಕೊಂಡು ಬೆಳೆದವಳು ನಾನು. ಇಲ್ಲಿ ಐದು ಜನ ತುಟಿ ಬಿಚ್ಚದೆ ಬೀದಿಯಲ್ಲಿ ನಡೆಯುವುದನ್ನು ನೋಡಿದಾಗ ಇವರು ಗ್ಯಾಸ್ ಮೀಟರ್ ನೋಡಲು ಬಂದವರೋ ಎನಿಸಿತ್ತು. ನಮ್ಮ ತಂಡವನ್ನು ನಡೆಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಕೈಯಲ್ಲಿ ಕ್ಲಿಪ್‌ಬೋರ್ಡ್, ಅದರ ಮೇಲೆ ಮತದಾರರ ಪಟ್ಟಿ, ಮಳೆ ಬಂದರೆ ಹೊದಿಸಲು ಪ್ಲಾಸ್ಟಿಕ್ ಹಾಳೆ. ಅವರು ಯಾರ ಬಾಗಿಲಿಗೂ ಹೋಗುವವರಲ್ಲ. ಬೀದಿಯ ನಡುವೆ ನಿಂತು "ಹದಿನಾಲ್ಕನೇ ಮನೆ, ಇಬ್ಬರು ಮತದಾರರು" ಎಂದು ಹೆಸರು ಓದಿ ನಮ್ಮನ್ನು ಕಳುಹಿಸುತ್ತಿದ್ದರು. ನಾವು ಹೋಗಿ ಬಂದು ವರದಿ ಒಪ್ಪಿಸಬೇಕು, ಅವರು ಹೆಸರಿನ ಮುಂದೆ ಒಂದು ಅಕ್ಷರ ಬರೆಯಬೇಕು. ನಮ್ಮವರು, ಎದುರು ಪಕ್ಷದವರು, ತೀರ್ಮಾನಿಸಿಲ್ಲದವರು, ಹೇಳಲೊಪ್ಪದವರು, ಮನೆಯಲ್ಲಿಲ್ಲದವರು.

ಮೊದಲ ಸಂಜೆಯೇ ಅವರು ಕೊಟ್ಟ ಸೂಚನೆ ಚಿಕ್ಕದಾಗಿತ್ತು. "ವಾದಕ್ಕೆ ಇಳಿಯಬೇಡಿ. ಒಬ್ಬ ವಿರೋಧಿಯ ಮನಸ್ಸು ಬದಲಿಸುತ್ತಾ ಇಪ್ಪತ್ತು ನಿಮಿಷ ನಿಂತರೆ ನಮ್ಮವರ ಹತ್ತು ಮನೆ ಕೈತಪ್ಪುತ್ತದೆ." ನಾನು ಪಕ್ಷದ ಪ್ರಣಾಳಿಕೆಯನ್ನು ರಾತ್ರಿಯಿಡೀ ಓದಿಕೊಂಡು ಹೋಗಿದ್ದೆ. ಯಾರೂ ಅದನ್ನು ಕೇಳಲಿಲ್ಲ. ಇಲ್ಲಿನ ಮನೆ ಮನೆ ಪ್ರಚಾರದ ಉದ್ದೇಶ ಮನವೊಲಿಸುವುದಲ್ಲ, ಎಣಿಸುವುದು. ನಮಗೆ ಮತ ಹಾಕುವವರು ಯಾವ ಬೀದಿಯ ಯಾವ ಮನೆಯಲ್ಲಿದ್ದಾರೆ ಎಂದು ಪತ್ತೆಹಚ್ಚಿ, ಮತದಾನದ ದಿನ ಅವರು ಮನೆಯಿಂದ ಹೊರಡುವಂತೆ ನೋಡಿಕೊಳ್ಳುವುದು. ಮಿಕ್ಕ ಮಾತೆಲ್ಲ ಟಿವಿಯವರಿಗೆ.

ಇದು ಸಾಧ್ಯವಾಗುವುದು ಕ್ಷೇತ್ರಗಳು ಚಿಕ್ಕವಾಗಿರುವುದರಿಂದ. ನಮ್ಮ ಲೋಕಸಭಾ ಕ್ಷೇತ್ರವೊಂದರಲ್ಲಿ ಹದಿನೈದು, ಇಪ್ಪತ್ತು ಲಕ್ಷ ಮತದಾರರಿದ್ದರೆ ಇಲ್ಲಿ ಎಪ್ಪತ್ತು ಸಾವಿರದ ಆಸುಪಾಸು. ಜೊತೆಗೆ ಕೈಯಲ್ಲಿ ಹಣವೂ ಇಲ್ಲ. ಆ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಮಾಡಬಹುದಾಗಿದ್ದ ಖರ್ಚು 11,390 ಪೌಂಡ್, ಅದರ ಮೇಲೆ ನಗರ ಕ್ಷೇತ್ರವಾದರೆ ಮತದಾರರ ತಲೆಗೆ 8 ಪೆನ್ಸ್ (ನೂರು ಪೆನ್ಸ್ ಸೇರಿದರೆ ಒಂದು ಪೌಂಡ್), ಹಳ್ಳಿಗಳೂ ಸೇರಿದ ಕ್ಷೇತ್ರವಾದರೆ 12 ಪೆನ್ಸ್. ಎಷ್ಟು ಎಳೆದರೂ ಇಪ್ಪತ್ತು ಸಾವಿರ ಪೌಂಡಿನ ಹತ್ತಿರ ಮುಗಿಯಿತು. ರೂಪಾಯಿಯಲ್ಲಿ ಇಪ್ಪತ್ತೊಂದು ಲಕ್ಷ. ಅದೇ ವರ್ಷ ಕರ್ನಾಟಕದ ಲೋಕಸಭಾ ಅಭ್ಯರ್ಥಿಗೆ ಕಾನೂನು ಬಿಟ್ಟಿದ್ದ ಮಿತಿ 95 ಲಕ್ಷ. (ಕಾನೂನು ಬಿಟ್ಟಿದ್ದು ಎಂದೆ, ಗಮನಿಸಿ.)

ಬಾಗಿಲಲ್ಲಿ ಬರುವ ಉತ್ತರವನ್ನು ಅಳೆಯುವುದೇ ಈ ಕೆಲಸದ ವಿದ್ಯೆ. ಇಂಗ್ಲಿಷರು ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದು ಅಪರೂಪ. "ಇನ್ನೂ ಯೋಚಿಸುತ್ತಿದ್ದೇವೆ" ಎಂದು ನಗುನಗುತ್ತಾ ಕರಪತ್ರ ತೆಗೆದುಕೊಂಡು, ಬಂದದ್ದಕ್ಕೆ ಧನ್ಯವಾದವನ್ನೂ ಹೇಳಿ ಬಾಗಿಲು ಹಾಕಿಕೊಂಡರೆ ಅವರು ಬಹುಮಟ್ಟಿಗೆ ಬೇರೆ ಪಕ್ಷದವರು. ನಿಜವಾಗಿಯೂ ತೀರ್ಮಾನಿಸಿಲ್ಲದವರು ನಗುವುದಿಲ್ಲ, ಬೈಯುತ್ತಾರೆ. ವೈದ್ಯರನ್ನು ಕಾಣಲು ಬೆಳಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂತರೂ ಸಿಗುವುದಿಲ್ಲ ಎಂದು, ರಸ್ತೆ ಗುಂಡಿ ಎಂದು, ನದಿಗೆ ಕೊಳಚೆ ಬಿಡುತ್ತಾರೆ ಎಂದು, ಮಗಳಿಗೆ ಮದುವೆಯಾಗಿ ಮಕ್ಕಳಾದರೂ ಮನೆ ಕೊಳ್ಳಲಾಗುತ್ತಿಲ್ಲ ಎಂದು. "ನೀವೆಲ್ಲ ಒಂದೇ" ಎಂದು ಅರ್ಧ ಬಾಗಿಲಿನಿಂದ ಕೂಗಿದ ಒಬ್ಬರ ಹೆಸರಿನ ಮುಂದೆ ನಾನು "ವಿರೋಧಿ" ಎಂದು ಬರೆಸಲು ಹೊರಟಾಗ ಶಿಕ್ಷಕಿ ಪೆನ್ಸಿಲ್ ಎತ್ತಲೇ ಇಲ್ಲ. "ಬೈದನೇ? ಹಾಗಾದರೆ ಮುಂದಿನ ವಾರ ಮತ್ತೆ ಹೋಗಬೇಕು. ನಕ್ಕವರ ಮನೆಗೆ ಬೇಡ." ಅವರು ನಲವತ್ತು ವರ್ಷ ಮಕ್ಕಳ ನೆಪಗಳನ್ನು ಕೇಳಿಸಿಕೊಂಡವರು, ನಾನು ವಾದಿಸಲಿಲ್ಲ.

ನಿಮ್ಮ ದೇಶಕ್ಕೆ ಹೋಗಿ ಮತ ಕೇಳಿ ಎಂದವರೂ ಒಂದಿಬ್ಬರು ಸಿಕ್ಕರು. ಪಟ್ಟಿಯಲ್ಲಿ ಅದಕ್ಕೂ ಒಂದು ಗುರುತಿದೆ: ಇನ್ನು ಈ ಬಾಗಿಲು ತಟ್ಟುವುದು ಬೇಡ. ಬರೆದು ಮುಂದಿನ ಮನೆಗೆ ನಡೆದೆವು.

ಇನ್ನು ಬಾಗಿಲುಗಳ ಕಥೆ. ಬಂದ ದಾರಿಯ ಗೇಟನ್ನು ಹಾಕಿಕೊಂಡೇ ಹೋಗಬೇಕು. ಮನೆಯವರ ನಾಯಿ ಬೀದಿಗೆ ಓಡಿತೆಂದರೆ ಒಂದು ಕುಟುಂಬದ ಮತವಷ್ಟೇ ಅಲ್ಲ, ಇಡೀ ಬೀದಿಯ ಮತ ಹೋಯಿತು. ಹುಲ್ಲುಹಾಸಿನ ಮೇಲೆ ಕಾಲಿಡದೆ ಸುತ್ತಿ ಬರಬೇಕು. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಈಗ ಅರ್ಧದಷ್ಟು ಮನೆಗಳಲ್ಲಿ ಕ್ಯಾಮೆರಾ ಇರುವ ಕರೆಗಂಟೆ. ಒಳಗೆ ಕೂತವರು, ಕೆಲವೊಮ್ಮೆ ಸ್ಪೇನಿನ ಕಡಲತೀರದಲ್ಲಿ ರಜೆಯಲ್ಲಿರುವವರು, ಅಲ್ಲಿಂದಲೇ ಮಾತನಾಡುತ್ತಾರೆ. ಗೋಡೆಗೆ ಅಂಟಿದ ಗುಂಡಿಯೊಂದಕ್ಕೆ ಕೈಮುಗಿಯುವಷ್ಟು ವಿನಯದಿಂದ ರಾಜಕೀಯ ಹೇಳುವುದು ನನಗೆ ಕೊನೆಯವರೆಗೂ ಒಗ್ಗಲಿಲ್ಲ.

ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲಿನ ಅಂಚೆಕಿಂಡಿಯಲ್ಲಿ ತೂರಿಸಬೇಕು. ಈ ಕಿಂಡಿಯಷ್ಟು ದುಷ್ಟ ವಸ್ತು ಈ ದೇಶದಲ್ಲಿ ಮತ್ತೊಂದಿಲ್ಲ. ಹೊರಗೊಂದು ಲೋಹದ ಮುಚ್ಚಳ, ಅದಕ್ಕೆ ಬಿಗಿಯಾದ ಸ್ಪ್ರಿಂಗ್. ಎತ್ತಿದರೆ ಒಳಗೆ ಚಳಿಗಾಳಿ ತಡೆಯಲು ಕೂರಿಸಿದ ಎರಡು ಸಾಲು ಗಡುಸು ಬ್ರಷ್. ಅದರಾಚೆ ಇನ್ನೊಂದು ಮುಚ್ಚಳ. ಕಾಗದ ಬ್ರಷ್ಷಿಗೆ ಸಿಕ್ಕಿ ಮುದುಡುತ್ತದೆ, ಬೆರಳಿನಿಂದ ತಳ್ಳಿದರೆ ಮುಚ್ಚಳ ಬೆರಳ ಗೆಣ್ಣಿನ ಮೇಲೆ ಕಚ್ಚುತ್ತದೆ, ಅಷ್ಟರಲ್ಲಿ ಒಳಗೆ ಸದ್ದಿಲ್ಲದೆ ಕಾದಿರುವ ನಾಯಿಗೆ ಅದೇ ಬೆರಳು ಕಾಣುತ್ತದೆ. ಕೆಲವು ಕಿಂಡಿಗಳಂತೂ ಬಾಗಿಲಿನ ಬುಡದಲ್ಲಿ, ಪಾದದ ಮಟ್ಟದಲ್ಲಿ. ಹಳೆಯ ಕಾರ್ಯಕರ್ತರು ದೋಸೆ ಮಗುಚುವ ಮರದ ಸಟ್ಟುಗದಂಥದ್ದೊಂದನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಕರಪತ್ರವನ್ನು ಅದಕ್ಕೆ ಸುತ್ತಿ ಒಂದೇ ಸಲ ಒಳಕ್ಕೆ. ಎರಡನೇ ವಾರಕ್ಕೆ ನನ್ನ ಅಡುಗೆಮನೆಯಿಂದಲೂ ಒಂದು ಸಟ್ಟುಗ ಕಾಣೆಯಾಗಿತ್ತು.

ಸಮಯ ಸಂಜೆ ಆರರಿಂದ ಎಂಟು. ಜೂನಿನಲ್ಲಿ ಸೂರ್ಯ ಮುಳುಗುವುದೇ ಒಂಬತ್ತರ ಮೇಲಾದ್ದರಿಂದ ಬೆಳಕಿಗೆ ಬರವಿಲ್ಲ. ಅಡ್ಡಿ ಮಾಡಿದ್ದು ಚೆಂಡು. ಆ ತಿಂಗಳು ಯುರೋಪಿನ ಫುಟ್‌ಬಾಲ್ ಟೂರ್ನಿ ನಡೆಯುತ್ತಿತ್ತು. ಇಂಗ್ಲೆಂಡ್ ಆಡುವ ಸಂಜೆ ಬಾಗಿಲು ತಟ್ಟುವುದು ಆತ್ಮಹತ್ಯೆಗೆ ಸಮ ಎಂದು ಎಲ್ಲ ಪಕ್ಷಗಳಿಗೂ ಗೊತ್ತು. ಭಾರತೀಯರ ಮನೆಗಳಲ್ಲಿ ಸಮಸ್ಯೆ ಬೇರೆ. ಜೂನ್ 27ರಂದು ಗಯಾನಾದಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಟಿ20 ವಿಶ್ವಕಪ್ಪಿನ ಸೆಮಿಫೈನಲ್. ಮಳೆಗೆ ನಿಂತಿದ್ದ ಆಟ ಮತ್ತೆ ಶುರುವಾಗಿ ರೋಹಿತ್ ಮತ್ತು ಸೂರ್ಯಕುಮಾರ್ ಆಡುತ್ತಿರುವಾಗ ನಾನು ಒಬ್ಬ ಗುಜರಾತಿ ಹಿರಿಯರ ಬಾಗಿಲು ತಟ್ಟಿದ್ದೆ. ಯಾರು ಏನು ಎಂದು ಕೇಳದೆ ಅವರು ಸ್ಕೋರು ಹೇಳಿದರು, ನನ್ನ ಕರಪತ್ರವನ್ನು ಬೀಸಣಿಗೆ ಮಾಡಿಕೊಂಡರು, ಮತ ಯಾರಿಗೆ ಎಂದದ್ದಕ್ಕೆ "ಗೆದ್ದರೆ ನಿಮಗೆ" ಎಂದರು. ಭಾರತ 68 ರನ್‌ಗಳಿಂದ ಗೆದ್ದಿತು. ಪಟ್ಟಿಯಲ್ಲಿ ಅವರನ್ನು ಏನೆಂದು ಬರೆಯುವುದು ಎಂದು ಶಿಕ್ಷಕಿಗೂ ತಿಳಿಯಲಿಲ್ಲ.

ಭಾರತೀಯರ ಮನೆಗಳ ಬಗ್ಗೆ ಹೇಳಲೇಬೇಕಾದ ಇನ್ನೊಂದು ವಿಷಯವಿದೆ, ಏಕೆಂದರೆ ಇದು ಊರಿನಲ್ಲಿರುವವರಿಗಿರಲಿ, ಇಲ್ಲಿರುವವರಿಗೇ ಗೊತ್ತಿಲ್ಲ. ಕಾಮನ್‌ವೆಲ್ತ್ ದೇಶಗಳ ನಾಗರಿಕರು ಬ್ರಿಟನ್ನಿನಲ್ಲಿ ಸಕ್ರಮವಾಗಿ ವಾಸವಿದ್ದರೆ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಇಲ್ಲಿನ ಪೌರತ್ವ ಬೇಕಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ. ಓದಲು ಬಂದ ಹುಬ್ಬಳ್ಳಿಯ ಹುಡುಗನಿಗೂ ಮತವಿದೆ. ಇಪ್ಪತ್ತು ವರ್ಷದಿಂದ ಇಲ್ಲಿರುವ ಫ್ರಾನ್ಸಿನವನಿಗೆ ಸಂಸತ್ತಿಗೆ ಮತವಿಲ್ಲ. ಸಾಮ್ರಾಜ್ಯ ಬಿಟ್ಟುಹೋದ ಸಾಮಾನುಗಳಲ್ಲಿ ಇದೂ ಒಂದು, ನಾವು ಬಳಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ತಮಾಷೆಯೆಂದರೆ ಇವರಲ್ಲಿ ಅನೇಕರ ಹೆಸರು ಆಗಲೇ ಪಟ್ಟಿಯಲ್ಲಿ ಇರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಬ್ಯಾಂಕಿನವರು ಸಾಲ ಕೊಡುವಾಗ ವಿಳಾಸವನ್ನು ನಂಬುತ್ತಾರೆ, ಕ್ರೆಡಿಟ್ ಸ್ಕೋರ್ ಏರುತ್ತದೆ ಎಂದು ಗೆಳೆಯರು ಹೇಳಿ ನೋಂದಾಯಿಸಿರುತ್ತಾರೆ. ನಾವು ಬಾಗಿಲು ತಟ್ಟಿದರೆ, "ನಾವು ಇಂಡಿಯನ್ ಪಾಸ್‌ಪೋರ್ಟಿನವರು, ನಮಗೆಲ್ಲಿಯ ಮತ" ಎನ್ನುತ್ತಾರೆ. ನಿಮ್ಮ ಹೆಸರು ನನ್ನ ಕೈಯಲ್ಲಿದೆ ಸ್ವಾಮಿ, ಆ ಪಾಸ್‌ಪೋರ್ಟನ್ನೇ ಮತಗಟ್ಟೆಯಲ್ಲಿ ಗುರುತಿಗೆ ತೋರಿಸಬಹುದು ಎಂದರೆ ಹೆಂಡತಿಯನ್ನು ಕೂಗಿ ಕರೆಯುತ್ತಾರೆ. ಹೆಸರು ಇಲ್ಲದವರಿಗೆ ಜೂನ್ 18 ಕೊನೆಯ ದಿನವಾಗಿತ್ತು. ಆ ಸಂಜೆ ನಾನು ಪ್ರಚಾರವನ್ನು ಪಕ್ಕಕ್ಕಿಟ್ಟು ಇಬ್ಬರು ದಂಪತಿಗಳ ಮೊಬೈಲಿನಲ್ಲಿ ಅರ್ಜಿ ತುಂಬಿಸುತ್ತಾ ಮೆಟ್ಟಿಲ ಮೇಲೆ ಕೂತಿದ್ದೆ. ಅವರು ಮತ ಹಾಕುವುದು ಎದುರು ಪಕ್ಷಕ್ಕೆ ಎಂದು ಅರ್ಜಿ ಮುಗಿಯುವ ಮೊದಲೇ ತಿಳಿದಿತ್ತು.

ನನ್ನ ಮಟ್ಟಿಗೆ ಇದರಲ್ಲಿ ಸಣ್ಣದೊಂದು ಕಹಿಯೂ ಇದೆ. ಹಾಸನದಲ್ಲಿ ಏಪ್ರಿಲ್ 26ರಂದು ಮತದಾನ ನಡೆದಾಗ ನಾನಿಲ್ಲಿ ಕಚೇರಿಯಲ್ಲಿದ್ದೆ. ಅನಿವಾಸಿಗಳು ಮತ ಹಾಕಬೇಕೆಂದರೆ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೆ ಖುದ್ದು ಹೋಗಬೇಕು. ಅಂಚೆ ಮತದ ಸೌಲಭ್ಯ ನಮಗಿಲ್ಲ. ಅದೇ ಪಾಸ್‌ಪೋರ್ಟ್ ತೋರಿಸಿ ಜುಲೈಯಲ್ಲಿ ಈ ದೇಶದ ಸಂಸತ್ತಿಗೆ ಮತ ಹಾಕಿದೆ.

ಒಂದು ಮನೆಯಲ್ಲಿ ಕನ್ನಡದ ಅಮ್ಮನೊಬ್ಬರು ಸಿಕ್ಕರು. ಮಗನ ಮನೆಗೆ ಆರು ತಿಂಗಳಿಗೆ ಬಂದವರು, ಮೈಸೂರಿನವರು. ಮತದಾರರು ಇಬ್ಬರೂ ಕೆಲಸದಿಂದ ಬಂದಿರಲಿಲ್ಲ. ನಾನು ಕನ್ನಡದವಳು ಎಂದು ತಿಳಿದದ್ದೇ ತಡ, "ಒಳಗೆ ಬಾ ಮಗಳೇ, ಕಾಫಿ ಇಡುತ್ತೇನೆ" ಎಂದು ಕೈ ಹಿಡಿದರು. ಮನೆಯೊಳಗೆ ಹೋಗಬಾರದು, ಬೀದಿಯಲ್ಲಿ ಒಬ್ಬ ಟೀಚರ್ ಕಾಯುತ್ತಿದ್ದಾರೆ ಎಂದೆ. "ಅವರನ್ನೂ ಕರೆ." ಅದೂ ಆಗದು ಎಂದಾಗ ಸ್ವರ ತಗ್ಗಿಸಿ, "ಇಲ್ಲಿ ಓಟಿಗೆ ಏನೂ ಕೊಡುವುದಿಲ್ಲವಾ?" ಎಂದರು. ಏನೂ ಇಲ್ಲಮ್ಮ, ತಿಂಡಿ ಕೊಟ್ಟರೂ ಕೇಸಾಗುತ್ತದೆ ಎಂದೆ. ಉತ್ಪ್ರೇಕ್ಷೆಯಲ್ಲ. 2015ರಲ್ಲಿ ಸೌತಾಂಪ್ಟನ್ನಿನಲ್ಲಿ ಒಂದು ಪಕ್ಷದ ಕಾರ್ಯಕ್ರಮಕ್ಕೆ ಬಂದವರಿಗೆ ಸಾಸೇಜ್ ರೋಲ್ ಹಂಚಿದರೆಂದು ಪೊಲೀಸರು ವಿಚಾರಣೆ ನಡೆಸಿದ್ದರು. ಕೊನೆಗೆ ಕ್ರಮವೇನೂ ಆಗಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಜನ ಯಾಕೆ ಹೋಗಿ ಹಾಕುತ್ತಾರೆ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ಹತ್ತಕ್ಕೆ ನಾಲ್ವರು ಹೋಗಲೂ ಇಲ್ಲ. ಆ ಸಲ ಮತದಾನವಾದದ್ದು ಶೇಕಡಾ 60ರಷ್ಟು.

ಮತದಾನದ ದಿನ ಪ್ರಚಾರ ನಿಲ್ಲುವುದಿಲ್ಲ. ನಮ್ಮಲ್ಲಿ ಮತದಾನ ಮುಗಿಯುವ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಿಸಬೇಕು, ಇಲ್ಲಿ ಅಂದೇ ನಿಜವಾದ ಕೆಲಸ. ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಮತಗಟ್ಟೆ ತೆರೆದಿರುತ್ತದೆ. ಹೊರಗೆ ಪಕ್ಷದ ಬಣ್ಣದ ರಿಬ್ಬನ್ ಹೂವು ಚುಚ್ಚಿಕೊಂಡ ಕಾರ್ಯಕರ್ತರು ಕುರ್ಚಿ ಹಾಕಿ ಕೂತು, ಮತ ಹಾಕಿ ಬರುವವರ ಪಟ್ಟಿಯ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುತ್ತಾರೆ. ಯಾರಿಗೆ ಹಾಕಿದಿರಿ ಎಂದಲ್ಲ, ಸಂಖ್ಯೆಯಷ್ಟೇ. ಹೇಳಲೇಬೇಕೆಂಬ ನಿಯಮವೂ ಇಲ್ಲ. ಚರ್ಚ್ ಸಭಾಂಗಣದ ಮುಂದೆ ನನ್ನ ಪಕ್ಕ ಕೂತಿದ್ದವರು ಎದುರು ಪಕ್ಷದ ಒಬ್ಬ ಅಜ್ಜ. ನಾನು ಶೌಚಾಲಯಕ್ಕೆ ಹೋದಾಗ ಬಂದ ಸಂಖ್ಯೆಗಳನ್ನು ಅವರು ನನ್ನ ಹಾಳೆಗೂ ಬರೆದಿಟ್ಟಿದ್ದರು, ಅವರು ಚಹಾ ತರಲು ಹೋದಾಗ ನಾನು ಅವರ ಹಾಳೆಗೆ. ಇದು ಎಲ್ಲರೂ ಮಾಡುವ ಪದ್ಧತಿಯಂತೆ. ತಪ್ಪು ಸಂಖ್ಯೆ ಬರೆದು ಮೋಸ ಮಾಡುವ ಯೋಚನೆ ನನಗೆ ಬಂದಿತ್ತು ಎಂದು ಅವರಿಗೆ ಹೇಳಲಿಲ್ಲ.

ಆ ಸಂಖ್ಯೆಗಳು ಗಂಟೆಗೊಮ್ಮೆ ಶಿಕ್ಷಕಿಯ ಮನೆಯ ಹಜಾರಕ್ಕೆ ಹೋಗುತ್ತಿದ್ದವು. ಆರು ವಾರ ಬಾಗಿಲು ತಟ್ಟಿ "ನಮ್ಮವರು" ಎಂದು ಗುರುತಿಸಿದ ಹೆಸರುಗಳಲ್ಲಿ ಮತ ಹಾಕಿದವರನ್ನು ಹೊಡೆದು ಹಾಕುತ್ತಾ ಬಂದರೆ ಸಂಜೆಗೆ ಉಳಿಯುವುದು ಇನ್ನೂ ಹೋಗದವರು. ಐದು ಗಂಟೆಯಿಂದ ಅವರ ಬಾಗಿಲುಗಳು. ಮಗುವಿಗೆ ಸ್ನಾನ ಮಾಡಿಸುತ್ತಿದ್ದವರು, ಮರೆತೇಬಿಟ್ಟಿದ್ದವರು, ಗುರುತಿನ ಚೀಟಿ ಹುಡುಕುತ್ತಿದ್ದವರು. ಒಂಬತ್ತೂವರೆಗೆ ರಾತ್ರಿಯುಡುಪಿನ ಮೇಲೆ ಕೋಟು ತೊಟ್ಟು ನಮ್ಮೊಡನೆಯೇ ಹೊರಟ ಒಬ್ಬಾಕೆ, ಹತ್ತಕ್ಕೆ ಮೊದಲು ಸಾಲಿನಲ್ಲಿ ನಿಂತರೆ ಸಾಕಲ್ಲವೇ ಎಂದು ಓಡಿದರು. ಸಾಕು, ಕಾನೂನು ಹಾಗೆಯೇ ಇದೆ.

ಹತ್ತು ಹೊಡೆದದ್ದೇ ಟಿವಿಯಲ್ಲಿ ಮತಗಟ್ಟೆ ಸಮೀಕ್ಷೆ ಬಂತು: ಆಗ ವಿರೋಧ ಪಕ್ಷವಾಗಿದ್ದ ಲೇಬರ್‌ಗೆ 410 ಸ್ಥಾನ. ಹಜಾರದಲ್ಲಿ ಎಲ್ಲರೂ ಪರದೆಯ ಕಡೆ ತಿರುಗಿದಾಗ ಶಿಕ್ಷಕಿ ಮಾತ್ರ ನೆಲದ ಮೇಲೆ ಹರಡಿದ ಹಾಳೆಗಳಲ್ಲಿ ಬೀದಿವಾರು ಲೆಕ್ಕ ಕೂಡುತ್ತಿದ್ದರು. ಮುಂದಿನ ಸ್ಥಳೀಯ ಚುನಾವಣೆಗೆ ಇದೇ ಪಟ್ಟಿ ಬೇಕಂತೆ. ಗುರುತುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು, ಶನಿವಾರ ಹತ್ತಕ್ಕೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು. ಬರುತ್ತೇನೆ ಎಂದೆ. ಆ ಗುಜರಾತಿ ಹಿರಿಯರ ಹೆಸರಿನ ಮುಂದೆ ಇನ್ನೂ ಪ್ರಶ್ನಾರ್ಥಕ ಚಿಹ್ನೆಯೇ ಇತ್ತು.