ಕೊರಳಿಗೆ ಸುತ್ತಿದ ಹೊಕ್ಕುಳಬಳ್ಳಿ: ಇಂಗ್ಲೆಂಡಿನಿಂದ ತಂಗಿಗೆ ಹೇಳಿದ್ದು

ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಗರ್ಭಿಣಿಗೆ ವಾಡಿಕೆಯಾಗಿ ಮಾಡುವ ಸ್ಕ್ಯಾನ್‌ಗಳು ಎರಡೇ: ಸುಮಾರು 12ನೇ ವಾರದಲ್ಲಿ ಒಂದು, 20ನೇ ವಾರದ ಆಸುಪಾಸಿನಲ್ಲಿ ಇನ್ನೊಂದು. ಬೇರೆ ಕಾರಣವಿಲ್ಲದೆ ಕೊನೆಯ ತಿಂಗಳುಗಳಲ್ಲಿ ಸ್ಕ್ಯಾನ್ ಮಾಡುವುದಿಲ್ಲವಾದ್ದರಿಂದ, ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಂಡಿದ್ದರೆ ಅದು ಬಹುಪಾಲು ತಾಯಂದಿರಿಗೆ ತಿಳಿಯುವುದು ಹೆರಿಗೆಯ ಹೊತ್ತಿನಲ್ಲಿಯೇ. ನನ್ನ ಮಗಳ ತಲೆ ಹೊರಬಂದಾಗ ಮಿಡ್‌ವೈಫ್ ಸಡಿಲವಾಗಿದ್ದ ಸುತ್ತನ್ನು ಬೆರಳಿನಿಂದ ಎತ್ತಿ ತಲೆಯ ಮೇಲಿಂದ ತೆಗೆದರು. ನನಗೆ ಆ ವಿಷಯ ಹೇಳಿದ್ದು ಮಗುವನ್ನು ಎದೆಯ ಮೇಲೆ ಮಲಗಿಸಿದ ಬಳಿಕ.

ಇತ್ತೀಚೆಗೆ ಊರಿನಲ್ಲಿರುವ ತಂಗಿಯ ಒಂಬತ್ತನೇ ತಿಂಗಳ ಸ್ಕ್ಯಾನ್ ವರದಿಯಲ್ಲಿ ಇದೇ ಸಂಗತಿ ಒಂದು ಸಾಲಾಗಿ ಬಂದಾಗ ಮನೆಯವರೆಲ್ಲ ಕಂಗಾಲಾದರು. ಮಗ್ಗುಲು ಬದಲಿಸುವಾಗ ಎದ್ದು ಕೂತು ಮಲಗಲಿಲ್ಲ, ಕೈಯೆತ್ತಿ ಬಟ್ಟೆ ಒಣಹಾಕಿದೆ ಎಂದು ಅವಳನ್ನೇ ದೂರಿದರು. ವರದಿಗಿಂತ ಆ ದೂರು ನನಗೆ ಹೆಚ್ಚು ನೋವು ಕೊಟ್ಟಿತು. ಸುಮಾರು 50–60 ಸೆಂಟಿಮೀಟರ್ ಉದ್ದದ ಬಳ್ಳಿಯೊಡನೆ ನೀರಿನಲ್ಲಿ ಹೊರಳಾಡುವ ಮಗು ತಾನೇ ಸುತ್ತಿಕೊಳ್ಳುತ್ತದೆ, ಎಷ್ಟೋ ಸಲ ತಾನೇ ಬಿಡಿಸಿಕೊಳ್ಳುತ್ತದೆ. ತಾಯಿ ಕೈಯೆತ್ತಿದ್ದಕ್ಕೂ ಮಗ್ಗುಲಾದದ್ದಕ್ಕೂ ಇದರೊಡನೆ ಸಂಬಂಧವಿಲ್ಲ. ಸುಮಾರು ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಕಾಣುವ ಸಂಗತಿಯಿದು.

ಗರ್ಭದೊಳಗಿನ ಮಗುವಿಗೆ ಆಮ್ಲಜನಕ ಬರುವುದು ಬಳ್ಳಿಯ ರಕ್ತದಿಂದ, ಗಂಟಲಿನಿಂದಲ್ಲ ಎಂಬುದನ್ನು ಮನೆಯವರಿಗೆ ಮೊದಲು ಬಿಡಿಸಿ ಹೇಳಬೇಕಾಯಿತು. ಬಳ್ಳಿಯ ಒಂದು ಅಭಿಧಮನಿ ಮತ್ತು ಎರಡು ಅಪಧಮನಿಗಳನ್ನು ವಾರ್ಟನ್ಸ್ ಜೆಲ್ಲಿ ಎಂಬ ಲೋಳೆಯಂಥ ಪದರ ಸುತ್ತಲೂ ಕಾಯುತ್ತದೆ. ಅಪರೂಪಕ್ಕೆ ಬಳ್ಳಿ ಬಿಗಿಯಾಗಿ ಒತ್ತಿಕೊಂಡು ರಕ್ತದ ಹರಿವು ಕುಂದಿದರೆ ಮಗುವಿನ ಹೃದಯ ಬಡಿತ ಅದನ್ನು ತೋರಿಸುತ್ತದೆ. ಇಲ್ಲಿ ತೊಡಕಿಲ್ಲದ ಹೆರಿಗೆಯಲ್ಲಿಯೂ ನೋವು ಹೆಚ್ಚಿದ ಮೇಲೆ ಕನಿಷ್ಠ 15 ನಿಮಿಷಕ್ಕೊಮ್ಮೆ, ಮಗು ಹೊರಬರುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಬಡಿತ ಕೇಳುತ್ತಾರೆ. ಬಡಿತ ಇಳಿದು ಚೇತರಿಸಿಕೊಳ್ಳದಿದ್ದರೆ ಸಿಸೇರಿಯನ್ ಮಾಡುವುದು ಸರಿ. ವರದಿಯ ಆ ಒಂದು ಸಾಲೇ ಅದಕ್ಕೆ ಸಾಕಷ್ಟು ಕಾರಣವಲ್ಲ.

ತಂಗಿಗೆ ನಾನು ಒತ್ತಿ ಹೇಳಿದ್ದು ಮಗುವಿನ ಮಿಸುಕಾಟದ ಬಗ್ಗೆ. ದಿನ ತುಂಬಿದಂತೆ ಮಗು ಅಲುಗಾಡುವುದು ಕಡಿಮೆಯಾಗುತ್ತದೆ ಎಂಬ ಮಾತನ್ನು ಇಲ್ಲಿನ ಮಿಡ್‌ವೈಫ್‌ಗಳು ಒಪ್ಪುವುದೇ ಇಲ್ಲ. ದಿನವೂ ಇರುವ ಅದರ ರೀತಿ ಬದಲಾದರೆ, ಮಿಸುಕಾಟ ತಗ್ಗಿದರೆ ಅಥವಾ ನಿಂತರೆ, ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗು ಎಂದೆ. ಅವಳ ಅತ್ತೆಯವರಿಗೂ ಅದನ್ನೇ ಫೋನಿನಲ್ಲಿ ಹೇಳಿದೆ.